ಬಿಳಿ ಕಾಲೊನಿಯನ್ನು ಅಷ್ಟು ಬೇಗ ನಂಬಬೇಡಿ

ಪ್ರಿಯಾನ್ ಎಂದರೆ ಮಡಿಕೆ ತಪ್ಪಿ, ತನ್ನ ಜಾತಿಯ ಬೇರೆ ಪ್ರೋಟೀನುಗಳನ್ನೂ ಹಾಗೆಯೇ ಮಡಿಸುವ ಪ್ರೋಟೀನು. ಯೀಸ್ಟಿನಲ್ಲಿ ಅದು ಇದೆಯೋ ಇಲ್ಲವೋ ಎಂದು ಕಾಲೊನಿಯ ಬಣ್ಣ ನೋಡಿ ತಿಳಿಯುವ ಪ್ರಯೋಗಕ್ಕೆ ದಾವಣಗೆರೆಯ ಬೇಸಿಗೆ ಒಗ್ಗುವುದಿಲ್ಲ. ಕೋಣೆಯೇ 38 ಡಿಗ್ರಿ ಕಾದಿರುವಾಗ, ತಂಪು ಮಾಡುವ ಯಂತ್ರವಿಲ್ಲದ ಇನ್‌ಕ್ಯುಬೇಟರ್ 30 ಡಿಗ್ರಿಗೆ ಇಳಿಯದು. ದುರ್ಬಲ ಪ್ರಿಯಾನ್ ಇರುವ ತಳಿಗಳು ಕಾವಿಗೆ ಅದನ್ನು ಕಳೆದುಕೊಳ್ಳಲೂಬಹುದು. ಎಂ.ಎಸ್ಸಿ. ವಿದ್ಯಾರ್ಥಿಗಳು ಇದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಬ್ರಯನ್ ಕಾಕ್ಸ್ 1965ರಲ್ಲಿ ಯೀಸ್ಟಿನಲ್ಲಿ ಗುರುತಿಸಿದ ಪಿಎಸ್‌ಐ ಎಂಬ ಗುಣವು ಪ್ರಿಯಾನ್ ಇರಬೇಕೆಂದು ರೀಡ್ ವಿಕ್ನರ್ 1994ರಲ್ಲಿ ವಾದಿಸಿದರು. ಈ ಗುಣದ ಹಿಂದಿರುವ ಸಪ್35 ಎಂಬ ಪ್ರೋಟೀನಿನ ಕೆಲಸ, ಅನುವಾದವನ್ನು, ಅಂದರೆ ರೈಬೋಸೋಮು ಸಂದೇಶ ಓದಿ ಪ್ರೋಟೀನು ಕಟ್ಟುವುದನ್ನು, ಸರಿಯಾದ ಜಾಗದಲ್ಲಿ ನಿಲ್ಲಿಸುವುದು. ಅದು ಮಡಿಕೆ ತಪ್ಪಿ ಎಳೆಗಟ್ಟಿದರೆ ರೈಬೋಸೋಮು ನಿಲುಗಡೆ ದಾಟಿ ಓದುತ್ತದೆ. ಅಡೆನಿನ್ ಮಾಡುವ ಜೀನಿನ ನಡುವೆಯೇ ತಪ್ಪು ನಿಲುಗಡೆ ಇರುವ ಎಡಿಇ1-14 ತಳಿಯಲ್ಲಿ ಆಗ ಅಡೆನಿನ್ ತಯಾರಾಗಿ ಕಾಲೊನಿ ಬಿಳಿಯಾಗುತ್ತದೆ. ಪ್ರಿಯಾನ್ ಇಲ್ಲದಿದ್ದರೆ ಕೆಂಪು.

ಪ್ರಿಯಾನ್ ಬಿಡಿಸಲು, ಯೀಸ್ಟ್ ಬೆಳೆಸುವ ಮಾಧ್ಯಮವಾದ ವೈಪಿಡಿ ಅಗಾರ್‌ಗೆ 5 ಮಿಲಿಮೋಲಾರ್ ಗ್ವಾನಿಡಿನ್ ಹೈಡ್ರೊಕ್ಲೋರೈಡ್ ಸೇರಿಸಿ, ಲೀಟರಿಗೆ 0.48 ಗ್ರಾಂ. ಅದು ಎಚ್‌ಎಸ್‌ಪಿ104 ಎಂಬ ಪ್ರೋಟೀನನ್ನು ತಡೆಯುತ್ತದೆ. ಪ್ರಿಯಾನ್ ಎಳೆಗಳನ್ನು ತುಂಡರಿಸಿ ಹೊಸ ಬೀಜ ಮಾಡುವುದು ಎಚ್‌ಎಸ್‌ಪಿ104 ಪ್ರೋಟೀನೇ. ತುಂಡಾಗದ ಬೀಜಗಳು ಕೋಶ ಒಡೆಯುತ್ತ ಹೋದಂತೆ ವಿರಳವಾಗುತ್ತವೆ. ಹಾಗಾಗಿ ಗ್ವಾನಿಡಿನ್ ಪ್ಲೇಟಿನ ಮೇಲೆ ಒಮ್ಮೆ ಗೀರೆಳೆದು (ಸ್ಟ್ರೀಕ್) ಬೆಳೆಸಿದರೆ ಸಾಲದು, ಎರಡು ಮೂರು ಸಲ ಹಾಗೆ ಮಾಡಿ. ಆಮೇಲೆ ಗ್ವಾನಿಡಿನ್ ಇಲ್ಲದ ಪ್ಲೇಟಿನಲ್ಲಿ ಬೆಳೆಸಿ ಬಣ್ಣ ನೋಡಿ. ಮೂರನೇ ದಿನಕ್ಕೇ ತೀರ್ಪು ಬೇಡ. ಕೆಂಪು ಗಾಢವಾಗಲು 4-5 ದಿನ ಬೇಕು, ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮಾಧ್ಯಮದಲ್ಲಿ ಅಡೆನಿನ್ ಹೆಚ್ಚಾದರೆ ಕೆಂಪು ಏಳುವುದೇ ಇಲ್ಲ.

ದೊಡ್ಡ ಮೋಸ ಪೆಟೀಟ್‌ಗಳದ್ದು, ಅಂದರೆ ಉಸಿರಾಟ ಕೆಟ್ಟು ಕಿರಿದಾಗಿ ಬೆಳೆಯುವ ಕಾಲೊನಿಗಳದ್ದು. ಗ್ವಾನಿಡಿನ್ ಮೈಟೊಕಾಂಡ್ರಿಯವನ್ನೂ ಕೆಡಿಸುತ್ತದೆ. ಉಸಿರಾಟ ಕಳೆದುಕೊಂಡ ಕೋಶ, ಪ್ರಿಯಾನ್ ಹೋಗಿದ್ದರೂ ಬಿಳಿಯಾಗಿಯೇ ಉಳಿಯುತ್ತದೆ. ಪ್ರತಿ ಕಾಲೊನಿಯನ್ನೂ ಗ್ಲಿಸರಾಲ್ ಪ್ಲೇಟಿನ ಮೇಲೆ ಒತ್ತಿ ನೋಡಿ, ಉಸಿರಾಟವಿಲ್ಲದೆ ಅದರಲ್ಲಿ ಬೆಳೆಯಲಾಗದು. ಬೆಳೆಯದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಿಯಾನ್ ಯೀಸ್ಟಿನಲ್ಲಷ್ಟೇ ಅಲ್ಲ. ಸಗಣಿಯ ಮೇಲೆ ಬೆಳೆಯುವ ಪೊಡೊಸ್ಪೊರ ಶಿಲೀಂಧ್ರದಲ್ಲಿ ಎಚ್‌ಇಟಿ-ಎಸ್ ಪ್ರಿಯಾನ್ ಕಾವಲು ಕಾಯುತ್ತದೆ. ಹೊಂದದ ತಳಿಯೊಡನೆ ಬೆಸೆದರೆ, ಬೆಸೆದ ಕೋಶವೇ ಸಾಯುತ್ತದೆ.

ಸಸ್ತನಿಗಳಲ್ಲಿ ಮಡಿಕೆ ತಪ್ಪಿದ ಪಿಆರ್‌ಪಿ ಎಂಬ ಪ್ರೋಟೀನು ಮೆದುಳನ್ನು ಸ್ಪಂಜಿನಂತೆ ತೂತು ಮಾಡುತ್ತದೆ. ಕುರಿಗಳು ಮೈ ಉಜ್ಜಿಕೊಳ್ಳುವ ಸ್ಕ್ರೇಪಿ ರೋಗ ಇದೇ ಗುಂಪಿನದು. ಚಳ್ಳಕೆರೆಯ ಹಟ್ಟಿಗಳಲ್ಲಿ ಕುರಿ ಕಂಬಕ್ಕೆ ಮೈ ಉಜ್ಜಿದರೆ ಮೊದಲು ಕಜ್ಜಿ, ಹೇನು, ಉಣ್ಣಿ ಹುಡುಕಿ. ಸ್ಕ್ರೇಪಿ ಎಂದು ಖಚಿತವಾಗಿ ಹೇಳಲು ಸಾಮಾನ್ಯವಾಗಿ ಮೆದುಳಿನ ಪರೀಕ್ಷೆ ಬೇಕು. ಅಂಥ ಅಂಗಾಂಶ ಮುಟ್ಟಿದ ಉಪಕರಣಕ್ಕೆ ಮಾಮೂಲಿ 121 ಡಿಗ್ರಿ, 15 ನಿಮಿಷದ ಆಟೊಕ್ಲೇವ್ ಸಾಲದು. 1 ನಾರ್ಮಲ್ ಕಾಸ್ಟಿಕ್ ಸೋಡಾದಲ್ಲಿ ಒಂದು ಗಂಟೆ ಮುಳುಗಿಸಿ, ನೀರಿನಲ್ಲಿ ತೊಳೆದು, ಆಮೇಲೆ 121 ಡಿಗ್ರಿಯಲ್ಲಿ ಒಂದು ಗಂಟೆ ಆಟೊಕ್ಲೇವ್ ಮಾಡಿ. ಫಾರ್ಮಲಿನ್ ಪ್ರಿಯಾನನ್ನು ನಾಶ ಮಾಡುವ ಬದಲು ಇನ್ನಷ್ಟು ಗಟ್ಟಿ ಮಾಡುತ್ತದೆ.