ಗೇಟು ಬಿದ್ದಿದ್ದು ಮೊದಲೇ ಗೊತ್ತಾದರೆ

ಗೆಳೆಯರೊಬ್ಬರ ಎಲೆಕ್ಟ್ರಿಕ್ ಕಾರಿನಲ್ಲಿ ಬಳ್ಳಾರಿಯಿಂದ ಸಂಡೂರಿಗೆ ಹೊರಟಿದ್ದೆವು. ಊರು ದಾಟುವ ಮೊದಲೇ ತಿರುವಿನಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಅವರು ಗಕ್ಕನೆ ಬ್ರೇಕ್ ಒತ್ತಿದರು. ಎದುರಿನ ಪರದೆಯಲ್ಲಿ ಹಸಿರು ಪಟ್ಟಿ ಏರಿತು. "ನೋಡ್ರಿ, ಕರೆಂಟ್ ವಾಪಸ್ ಬಂತು" ಅಂದರು.

ಬಂದಿದ್ದು ನಿಜ. ಆದರೆ ಪೂರ್ತಿ ಬರಲಿಲ್ಲ.

1,500 ಕಿಲೋ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಅದರ ಓಟದಲ್ಲೇ ಸುಮಾರು 58 ವ್ಯಾಟ್-ಅವರ್ ಶಕ್ತಿ ಇರುತ್ತದೆ (ಸಾವಿರ ವ್ಯಾಟ್-ಅವರ್ ಸೇರಿದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್). ಇಂಥ ಕಾರಿಗೆ ಒಂದು ಕಿ.ಮೀ. ಓಡಲು 150 ವ್ಯಾಟ್-ಅವರ್ ಆಸುಪಾಸು ಬೇಕು. ಅಂದರೆ ಒಂದು ಸಲ ನಿಂತರೆ ಹತ್ತಿರ ಹತ್ತಿರ 400 ಮೀಟರ್ ದಾರಿಯ ಕರೆಂಟಿನ ಪ್ರಶ್ನೆ. ಬ್ರೇಕ್ ಒತ್ತಿದಾಗ ಮೋಟಾರು ಜನರೇಟರ್ ಆಗಿ ಅದನ್ನು ಬ್ಯಾಟರಿಗೆ ತುಂಬುತ್ತದೆ. ಮತ್ತೆ ಹೊರಟಾಗ ಅದೇ ಕರೆಂಟ್ ಬ್ಯಾಟರಿಯಿಂದ ಚಕ್ರಕ್ಕೆ ಬರಬೇಕು. ಹೋಗಿ ಬರುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಬಿಸಿಯಾಗಿ ಸೋರಿಹೋಗುತ್ತದೆ. ಜೋರಾಗಿ ಒತ್ತಿದರೆ ಬ್ರೇಕ್ ಪ್ಯಾಡೂ ಹಿಡಿಯುತ್ತದೆ, ನಷ್ಟ ಇನ್ನೂ ಜಾಸ್ತಿ.

ಗೇಟು ಬಿದ್ದ ಸುದ್ದಿ ಅರ್ಧ ಕಿ.ಮೀ. ಹಿಂದೆಯೇ ಕಾರಿಗೆ ಮುಟ್ಟಿದ್ದರೆ? ಕಾಲು ತೆಗೆದು ಸುಮ್ನೆ ಉರುಳಿ ಬಂದಿದ್ದರೆ ಸಾಕಿತ್ತು. ಕನೆಕ್ಟೆಡ್ ವಾಹನದ, ಅಂದರೆ ಸಿಗ್ನಲ್, ರಸ್ತೆಗಳ ಸುದ್ದಿ ನೆಟ್‌ವರ್ಕ್ ಮೂಲಕ ಮೊದಲೇ ಪಡೆಯುವ ವಾಹನದ ಜೀವಾಳ ಇದೇ. 2016ರಲ್ಲಿ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಆಡಿ ಕಾರುಗಳಿಗೆ ಸಿಗ್ನಲ್‌ಗಳ ಜೊತೆ ಸಂಪರ್ಕ ಸಿಕ್ಕಿತು. ಹಸಿರು ದೀಪಕ್ಕೆ ಇನ್ನೆಷ್ಟು ಸೆಕೆಂಡ್ ಅಂತ ಡ್ರೈವರ್ ಎದುರಿಗೇ ಕಾಣುತ್ತಿತ್ತು. ಸಿಗ್ನಲ್ ಕಂಬದ ಮೇಲೆ ಇಳಿಯುವ ಅಂಕಿ ನೋಡಿ ನಮ್ಮ ಆಟೋದವರು ದೂರದಿಂದಲೇ ನಿಧಾನ ಮಾಡುತ್ತಾರಲ್ವಾ, ಅದೇ ಜಾಣತನ.

ದಾರಿಯಲ್ಲಿ ಕುಡತಿನಿಯ ಶಾಖೋತ್ಪನ್ನ ಸ್ಥಾವರದ ಚಿಮಣಿಗಳು ಕಂಡವು. ಕಾರು ಹೊಗೆ ಬಿಡುವುದಿಲ್ಲ, ಸರಿ. ಆದರೆ ಅದು ಕುಡಿಯುವ ಕರೆಂಟಿನಲ್ಲಿ ಇಲ್ಲಿ, ರಾಯಚೂರಿನ ಶಕ್ತಿನಗರದಲ್ಲಿ ಸುಡುವ ಕಲ್ಲಿದ್ದಲೂ ಇದೆ. ಸೋರುವ ಒಂದೊಂದು ಯೂನಿಟ್ಟೂ ಇಲ್ಲಿ ಹೊಗೆಯಾಗಿ ಏಳುತ್ತದೆ. ಅದಕ್ಕೇ ನನಗೆ ಈ ಲೆಕ್ಕ ಮುಖ್ಯ.

ತೋರಣಗಲ್ಲು ದಾಟಿ ಸಂಡೂರಿನ ಬೆಟ್ಟ ಹತ್ತುವಾಗ ಅದಿರಿನ ಲಾರಿಗಳು ಎದುರಾದವು. ಮೇಲಿನಿಂದ ತುಂಬಿಕೊಂಡು ಇಳಿಯುತ್ತವೆ, ಖಾಲಿಯಾಗಿ ಹತ್ತುತ್ತವೆ. ಎಲೆಕ್ಟ್ರಿಕ್ ವಾಹನಕ್ಕೆ ಇದಕ್ಕಿಂತ ಒಳ್ಳೆ ದಾರಿ ಬೇಕಾ? ಒಟ್ಟು 30 ಟನ್ ತೂಗುವ ಲಾರಿ 300 ಮೀಟರ್ ಎತ್ತರದಿಂದ ಇಳಿದರೆ 24 ಯೂನಿಟ್‌ನಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಸ್ವಿಟ್ಜರ್ಲೆಂಡಿನ ಒಂದು ಕಲ್ಲುಗಣಿಯಲ್ಲಿ 65 ಟನ್ ಹೊರುವ ಎಲೆಕ್ಟ್ರಿಕ್ ಡಂಪರ್ ಹೀಗೇ ದುಡಿಯುತ್ತದೆ. ಹತ್ತಲು ಬೇಕಾದ ಕರೆಂಟಿನ ಬಹುಪಾಲು ಅದಕ್ಕೆ ಇಳಿಯುವಾಗಲೇ ಸಿಗುತ್ತದೆ.

ಆದರೆ ಬೆಟ್ಟದ ಮೇಲೆ ಬ್ಯಾಟರಿ ತುಂಬಿ ನಿಂತಿದ್ದರೆ ಇಳಿಜಾರಿನ ಕರೆಂಟ್ ತುಂಬಲು ಜಾಗವೇ ಇರುವುದಿಲ್ಲ. ಮುಂದೆ ಎಷ್ಟು ಇಳಿಜಾರಿದೆ ಅಂತ ನಕ್ಷೆ ಮೊದಲೇ ಹೇಳಿದರೆ, ಮೇಲೆ ಚಾರ್ಜ್ ಹಾಕುವಾಗಲೇ ಬ್ಯಾಟರಿಯಲ್ಲಿ ಅಷ್ಟು ಜಾಗ ಬಿಟ್ಟುಕೊಳ್ಳಬಹುದು.

ವಾಪಸ್ ಬರುವಾಗ ಗೆಳೆಯರು ಇಳಿಜಾರಿನುದ್ದಕ್ಕೂ ಬ್ರೇಕ್ ಮುಟ್ಟಲಿಲ್ಲ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಜನರೇಟರ್ ಆದ ಮೋಟಾರೇ ಕಾರನ್ನು ತಡೆಯಲು ಬಿಟ್ಟರು. ಬೆಟ್ಟ ಇಳಿದಾಗ ಬ್ಯಾಟರಿಯಲ್ಲಿ ಮೇಲಿದ್ದಕ್ಕಿಂತ ಜಾಸ್ತಿ ಚಾರ್ಜ್ ಇತ್ತು.