ಏರು ಹತ್ತುವಾಗ ಹೃದಯ ಏನು ಮಾಡುತ್ತದೆ?

ಚಿಕ್ಕಂದಿನಲ್ಲೇ ಹೃದಯದ ಆಪರೇಷನ್ ಆದವರನ್ನು ‘ಹೇಗಿದ್ದೀರಿ?’ ಎಂದು ಕೇಳಿ. ‘ನನಗೇನಾಗಿದೆ, ಚೆನ್ನಾಗಿದ್ದೇನೆ’ ಅನ್ನುತ್ತಾರೆ. ಸುಳ್ಳಲ್ಲ ಅದು. ಆದರೆ ಕೊಡಗಿನಲ್ಲಿ ಇನ್ನೂ ಕೆಲವು ಪ್ರಶ್ನೆ ಕೇಳಬೇಕು. ಹಾಕಿಯಲ್ಲಿ ನೀವು ಗೋಲ್‌ಕೀಪರ್ ಆಗಿದ್ದಿರಾ, ಫಾರ್ವರ್ಡ್ ಆಗಿದ್ದಿರಾ? ಮೆಣಸು ಕೊಯ್ಯಲು ಏಣಿ ಹತ್ತುತ್ತೀರಾ, ಇಲ್ಲ ಕಣದಲ್ಲಿ ಕಾಫಿ ಹರಡುತ್ತೀರಾ? ತಡಿಯಂಡಮೋಳ್ ಬೆಟ್ಟ ಹತ್ತುವಾಗ ಗೆಳೆಯರಿಗಿಂತ ಜಾಸ್ತಿ ಸಲ ಕೂತಿರಾ? ಓಡಲು ಆಗದವರು ತಮಗೇ ತಿಳಿಯದಂತೆ ಓಡದ ಕೆಲಸ ಹಿಡಿದಿರುತ್ತಾರೆ. ಹುಟ್ಟಿದಾಗಿನಿಂದ ಇದೇ ದೇಹ. ಬೇರೆಯವರ ಉಸಿರು ಎಷ್ಟು ಹಗುರ ಎಂದು ಗೊತ್ತಾಗುವುದಾದರೂ ಹೇಗೆ?

ಸುಮ್ನೆ ಕೂತಾಗ ದೊಡ್ಡವರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದಬ್ಬುತ್ತದೆ. ಆರೋಗ್ಯವಂತ ಯುವಕ ಜೋರಾಗಿ ಓಡಿದರೆ ಅದು 20 ಲೀಟರ್‌ವರೆಗೂ ಏರುತ್ತದೆ. ಮಲಗಿಸಿ ಮಾಡುವ ಎಕೋ (ಹೃದಯದ ಸ್ಕ್ಯಾನ್) ಮತ್ತು ಇಸಿಜಿ ಬಹಳ ಮುಖ್ಯವಾದವು, ನಿಜ. ಆದರೆ ಅವು ನೋಡುವುದು ಮೊದಲಿನ 5 ಲೀಟರಿನ ಹೃದಯವನ್ನು ಮಾತ್ರ.

ಟೆಟ್ರಾಲಜಿ ಆಫ್ ಫ್ಯಾಲೋ ಎಂಬ ದೋಷವನ್ನೇ ನೋಡಿ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ತೂತು, ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು. ಮಗು ನೀಲಿಗಟ್ಟುತ್ತದೆ. 1954ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಸರ್ಜನ್ ವಾಲ್ಟನ್ ಲಿಲ್ಲೆಹೈ ತಂಡ ಇದನ್ನು ಮೊದಲ ಬಾರಿಗೆ ಹೃದಯದ ಒಳಗಿನಿಂದಲೇ ಸರಿಪಡಿಸಿತು. ಅಂಥ ಮಕ್ಕಳು ಇಂದು ದೊಡ್ಡವರಾಗಿ ಬದುಕುತ್ತಿದ್ದಾರೆ, ಇದು ಸಣ್ಣ ಸಾಧನೆಯೇ? ಆದರೆ ಕಿರಿದಾದ ದಾರಿಯನ್ನು ಅಗಲ ಮಾಡುವಾಗ ಅಲ್ಲಿನ ವಾಲ್ವ್ ಹಲವರಲ್ಲಿ ಸೋರತೊಡಗುತ್ತದೆ. ದಬ್ಬಿದ ರಕ್ತದಲ್ಲಿ ಒಂದಿಷ್ಟು ವಾಪಸ್ ಬರುತ್ತದೆ. ವರ್ಷಗಟ್ಟಲೆ ಹೀಗಾದರೆ ಬಲಗಡೆಯ ಕೋಣೆ ಹಿಗ್ಗುತ್ತದೆ. ಆಗಲೂ ಆ ವ್ಯಕ್ತಿ ‘ಚೆನ್ನಾಗಿದ್ದೇನೆ’ ಎಂದೇ ಹೇಳುತ್ತಿರಬಹುದು.

ಅದಕ್ಕೇ ಹೃದಯಕ್ಕೆ ಕೆಲಸ ಕೊಟ್ಟು ನೋಡುವ ಪರೀಕ್ಷೆ ಬೇಕು. ಸೈಕಲ್ ತುಳಿಸುತ್ತಾರೆ ಅಥವಾ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ. ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ, ಹತ್ತು ನಿಮಿಷದ ಆಸುಪಾಸಿನಲ್ಲಿ ಸಾಕು ಅನಿಸುವಷ್ಟು ದಣಿಸುತ್ತಾರೆ. ಎದೆಗೆ ಇಸಿಜಿ ವೈರು, ಬೆರಳಿಗೆ ಕ್ಲಿಪ್ಪು, ಮುಖಕ್ಕೆ ಮಾಸ್ಕ್. ಈ ಮಾಸ್ಕೇ ಇಲ್ಲಿ ಮುಖ್ಯ. ಪ್ರತಿ ಉಸಿರಿನಲ್ಲೂ ಎಷ್ಟು ಆಮ್ಲಜನಕ ಒಳಗೆ ಉಳಿಯಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಂತು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಬಳಸಿದ ಆಮ್ಲಜನಕವನ್ನು ಬಡಿತದ ಸಂಖ್ಯೆಯಿಂದ ಭಾಗಿಸಿದರೆ, ಒಂದೊಂದು ಬಡಿತ ದೇಹಕ್ಕೆ ಎಷ್ಟು ಒದಗಿಸುತ್ತಿದೆ ಎಂಬ ಅಂದಾಜು ಸಿಗುತ್ತದೆ. ಭಾರ ಏರುತ್ತಿದ್ದರೂ ಈ ಅಂಕಿ ಬೇಗನೆ ನಿಂತುಬಿಟ್ಟರೆ, ಹೃದಯ ಬಡಿತಕ್ಕಿಷ್ಟು ಎಂದು ದಬ್ಬುವ ರಕ್ತ ಹೆಚ್ಚುತ್ತಿಲ್ಲವೇ ಎಂದು ವೈದ್ಯರು ಅನುಮಾನಿಸುತ್ತಾರೆ. ಕೆಲವರಲ್ಲಿ ಬಡಿತವೇ ಬೇಕಾದಷ್ಟು ಏರುವುದಿಲ್ಲ. ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಲ್ಲೂ ಬಡಿತ ಅಷ್ಟಾಗಿ ಏರದು. ಹಾಗಾಗಿ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಮೊದಲೇ ಹೇಳಬೇಕು, ತಾವಾಗಿಯೇ ನಿಲ್ಲಿಸಬಾರದು.

ನನಗೆ ತುಂಬಾ ಮುಖ್ಯ ಅನಿಸುವುದು ಇನ್ನೊಂದು. ಹೃದಯ ತಕ್ಕಮಟ್ಟಿಗೆ ಸರಿಯಿದ್ದು, ಕಾಲಿನ ಸ್ನಾಯುಗಳಿಗೇ ಅಭ್ಯಾಸ ತಪ್ಪಿರುವವರೂ ಇದ್ದಾರೆ. ‘ಓಡಬೇಡ, ಆಡಬೇಡ’ ಎಂದು ಮನೆಯವರು ಪ್ರೀತಿಯಿಂದಲೇ ತಡೆದಿರುತ್ತಾರೆ. ಅಂಥವರು ಏದುಸಿರು ಬಿಟ್ಟರೆ ಎಲ್ಲರೂ ಹೃದಯವನ್ನೇ ದೂರುತ್ತಾರೆ. ಎರಡನ್ನೂ ಬೇರ್ಪಡಿಸಲು ಈ ಪರೀಕ್ಷೆ ಸಹಾಯ ಮಾಡುತ್ತದೆ. ಬಡಿತ ಎಲ್ಲಿಯವರೆಗೆ ಏರಬಹುದು, ಎಷ್ಟು ಹೊತ್ತು ನಡೆಯಬಹುದು ಎಂದು ವೈದ್ಯರು ಆಗ ಗೊತ್ತುಮಾಡಿ ಹೇಳಬಹುದು. ಆ ಮಿತಿಯಲ್ಲಿ ದಿನವೂ ನಡೆದರೆ ತಾಕತ್ತು ಹೆಚ್ಚುತ್ತದೆ. ಹೀಗಿರುವಾಗ ಪರೀಕ್ಷೆಯನ್ನೇ ಮಾಡದೆ ಜೀವನಪೂರ್ತಿ ಕೂರಿಸುವುದು ಅನ್ಯಾಯ ಅಲ್ವಾ?

ಮೈಸೂರಿಗೋ ಮಂಗಳೂರಿಗೋ ಪರೀಕ್ಷೆಗೆ ಹೋಗುವಾಗ ಹಳೆಯ ಆಪರೇಷನ್ ಕಾಗದಗಳನ್ನು ಮರೆಯದೆ ಒಯ್ಯಿರಿ. ಹುಟ್ಟಿನಿಂದ ಬಂದ ಹೃದಯದ ದೋಷಗಳನ್ನು ನೋಡುವ ವೈದ್ಯರೇ ಇದ್ದರೆ ಒಳ್ಳೆಯದು. ಆದರೆ ಏರು ಹತ್ತುವಾಗ ತಲೆಸುತ್ತಿ ಬಿದ್ದರೆ, ಎದೆ ಅಡ್ಡಾದಿಡ್ಡಿ ಬಡಿದುಕೊಂಡರೆ, ಪರೀಕ್ಷೆಯ ತಾರೀಖು ನೋಡುತ್ತಾ ಕೂರಬೇಡಿ. ಅವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ.