ಐಡಿವಿ: ಹಳೇ ಕಾರಿನ ಪಾಲಿಸಿಯಲ್ಲಿ ಜಾಸ್ತಿ ತಪ್ಪಾಗಿ ಓದುವ ಸಂಖ್ಯೆ

‘ಐಡಿವಿ 3.10 ಲಕ್ಷ ಇದೆ, ಅದಕ್ಕಿಂತ ಕಡಿಮೆಗೆ ಕೊಡಲ್ಲ.’ ಸೆಕೆಂಡ್ ಹ್ಯಾಂಡ್ ಕಾರು ಮಾರುವವರು ಬರೆಯುವ ಈ ಸಾಲು ಈಗ ಮಾಮೂಲಾಗಿಬಿಟ್ಟಿದೆ. ಕೊಳ್ಳುವವರೂ ಅದೇ ಸಂಖ್ಯೆ ಹಿಡಿದು ಚೌಕಾಸಿ ಮಾಡುತ್ತಾರೆ: ‘ಐಡಿವಿ ಬರೀ 1.90, ನೀವು 2.75 ಹೇಳ್ತಿದ್ದೀರಲ್ಲ?’ ಇಬ್ಬರೂ ಐಡಿವಿ ಅಂದರೆ ಗಾಡಿಯ ಬೆಲೆ ಅಂದುಕೊಂಡಿದ್ದಾರೆ. ಗಾಡಿಯ ಬೆಲೆ ಅದಲ್ಲ. ಕಾರು ಕಳುವಾದರೆ, ಇಲ್ಲವೇ ರಿಪೇರಿಗೆ ಬಾರದಷ್ಟು ಜಜ್ಜಿಹೋದರೆ, ವಿಮಾ ಕಂಪನಿ ಗರಿಷ್ಠ ಎಷ್ಟು ಕೊಡಬೇಕು ಅಂತ ಪಾಲಿಸಿ ಶುರುವಾಗುವ ದಿನವೇ ಬರೆದಿಡುವ ಮೊತ್ತ ಅದು.

ಇನ್ಶೂರ್ಡ್ ಡಿಕ್ಲೇರ್ಡ್ ವ್ಯಾಲ್ಯೂ ಅನ್ನೋದು ಪೂರ್ತಿ ಹೆಸರು. ಇದರಲ್ಲಿ ಮುಖ್ಯವಾದದ್ದು ನಡುವಿನ ‘ಡಿಕ್ಲೇರ್ಡ್’. ಮೊದಲೇ ಘೋಷಿಸಿ, ಎರಡೂ ಕಡೆಯವರು ಒಪ್ಪಿಕೊಂಡದ್ದು ಅಂತ. 2002ರ ಮೋಟಾರ್ ಟ್ಯಾರಿಫ್ (ಗಾಡಿ ವಿಮೆಯ ದರ, ನಿಯಮಗಳ ಪಟ್ಟಿ) ಬರುವ ಮೊದಲು ಹೀಗಿರಲಿಲ್ಲ. ಆಗ ಮಾಲೀಕರು ಒಂದು ಅಂದಾಜು ಬರೆದು, ಅದಕ್ಕೆ ತಕ್ಕ ಪ್ರೀಮಿಯಂ ಕಟ್ಟುತ್ತಿದ್ದರು. ಗಾಡಿ ಹೋದಾಗ ಮಾತ್ರ ಕಂಪನಿ ‘ಇವತ್ತಿನ ಮಾರ್ಕೆಟ್‌ನಲ್ಲಿ ಇದಕ್ಕೆ ಇಷ್ಟೇ’ ಅನ್ನುತ್ತಿತ್ತು. ಪ್ರೀಮಿಯಂ ಕಟ್ಟಿದ್ದು ಒಂದು ಲೆಕ್ಕಕ್ಕೆ, ಕೈಗೆ ಬಂದದ್ದು ಇನ್ನೊಂದು ಲೆಕ್ಕಕ್ಕೆ. ಜಗಳ ಆಗದೆ ಇರುತ್ತದೆಯೇ? ಆ ಜಗಳ ನಿಲ್ಲಿಸಲೆಂದೇ ಐಡಿವಿ ಬಂತು.

ಆದರೆ ಗೊಂದಲದ ಬೀಜವೂ ಅಲ್ಲೇ ಇದೆ. ಪಾಲಿಸಿಯ ಷರತ್ತುಗಳಲ್ಲಿ ಒಂದು ಸಾಲು ಬರುತ್ತದೆ. ಟೋಟಲ್ ಲಾಸ್ (ಕಾರು ಪೂರ್ತಿ ಹೋದಂತೆ) ಕ್ಲೇಮಿನ ಮಟ್ಟಿಗೆ, ಪಾಲಿಸಿಯ ಅವಧಿ ಪೂರ್ತಿ, ಐಡಿವಿಯನ್ನೇ ‘ಮಾರುಕಟ್ಟೆ ಬೆಲೆ’ ಎಂದು ಪರಿಗಣಿಸಲಾಗುವುದು, ಅದರಿಂದ ಮತ್ತೆ ಸವಕಳಿ ಕಳೆಯುವುದಿಲ್ಲ ಎಂದು. ಜನ ಇದರಲ್ಲಿ ‘ಮಾರುಕಟ್ಟೆ ಬೆಲೆ’ ಅನ್ನುವುದನ್ನಷ್ಟೇ ಓದುತ್ತಾರೆ. ‘ಟೋಟಲ್ ಲಾಸ್ ಕ್ಲೇಮಿನ ಮಟ್ಟಿಗೆ’ ಅನ್ನುವುದನ್ನು ಬಿಟ್ಟುಬಿಡುತ್ತಾರೆ. ಪಾಲಿಸಿ ಹೇಳುವುದು ‘ನಾವಿಬ್ಬರೂ ಇದನ್ನೇ ಬೆಲೆ ಅಂತ ಇಟ್ಟುಕೊಳ್ಳೋಣ, ಆಮೇಲೆ ತಕರಾರು ಬೇಡ’ ಎಂದಷ್ಟೇ. ಆ ಮಾತು ನಿಮಗೂ ಕಂಪನಿಗೂ ಮಾತ್ರ ಸಂಬಂಧಿಸಿದ್ದು. ನಿಮ್ಮ ಕಾರು ಕೊಳ್ಳಲು ಬಂದವರಿಗೆ ಅದರಿಂದ ಏನೂ ಆಗಬೇಕಿಲ್ಲ.

ಲೆಕ್ಕ ಹಾಕುವ ರೀತಿ ನೋಡಿದರೂ ಇದು ಗೊತ್ತಾಗುತ್ತದೆ. ನಿಮ್ಮ ಮಾಡೆಲ್‌ಗೆ ತಯಾರಕರ ಪಟ್ಟಿಯಲ್ಲಿರುವ ಮಾರಾಟ ಬೆಲೆಯಿಂದ ಶುರು. ರಿಜಿಸ್ಟ್ರೇಷನ್ ಮತ್ತು ಇನ್ಶೂರೆನ್ಸ್ ಖರ್ಚು ಅದರಲ್ಲಿ ಸೇರುವುದಿಲ್ಲ. ಅದರಿಂದ ವಯಸ್ಸಿನ ಪ್ರಕಾರ ಕಳೆಯುತ್ತಾರೆ: ಆರು ತಿಂಗಳವರೆಗೆ 5%, ಒಂದು ವರ್ಷದವರೆಗೆ 15%, ಎರಡರವರೆಗೆ 20%, ಮೂರಕ್ಕೆ 30%, ನಾಲ್ಕಕ್ಕೆ 40%, ಐದಕ್ಕೆ 50%. ಅಷ್ಟೇ ಲೆಕ್ಕ. 30 ಸಾವಿರ ಕಿಲೋಮೀಟರ್ ಓಡಿ ಮನೆಯ ಶೆಡ್ಡಿನಲ್ಲಿ ನಿಂತ ಕಾರಿಗೂ, 1.4 ಲಕ್ಷ ಓಡಿ ಮೂರು ಕೈ ಬದಲಾದ ಕಾರಿಗೂ ಈ ಪಟ್ಟಿಯಲ್ಲಿ ವ್ಯತ್ಯಾಸವೇ ಇಲ್ಲ. ಸರ್ವಿಸ್ ರೆಕಾರ್ಡ್ ಇದೆಯಾ, ಟೈರ್ ಹೊಸದಾ, ಯಾವುದನ್ನೂ ಅದು ಕೇಳುವುದಿಲ್ಲ. ಇನ್ನು ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿಗೆ ರಸ್ತೆ ತೆರಿಗೆಯೇ ಬೆಲೆಯ 13%ನಿಂದ 18%ವರೆಗೆ ಇದೆ. ಇಲ್ಲಿನ ನಂಬರಿನ ಹಳೇ ಕಾರಿಗೆ ಜನ ಸ್ವಲ್ಪ ಜಾಸ್ತಿ ಕೊಡಲು ಒಪ್ಪುವುದರಲ್ಲಿ ಆ ಕಟ್ಟಿದ ತೆರಿಗೆಯ ಪಾಲೂ ಇರುತ್ತದೆ. ಐಡಿವಿಯಲ್ಲಿ ಅದು ಕಾಣುವುದೇ ಇಲ್ಲ.

ಐದು ವರ್ಷ ದಾಟಿದ ಮೇಲೆ ಈ ಪಟ್ಟಿಯೂ ಮುಗಿಯಿತು. ಅಲ್ಲಿಂದ ಮುಂದೆ ಐಡಿವಿ ಅಂದರೆ ಕಂಪನಿ ಮತ್ತು ಮಾಲೀಕರು ಪರಸ್ಪರ ಒಪ್ಪಿದ ಮೊತ್ತ. ಹಳೇ ಕಾರಿನವರು ಗಮನ ಕೊಡಬೇಕಾದ ಜಾಗ ಇದು, ಏಕೆಂದರೆ ಇಲ್ಲಿ ಒಪ್ಪುವ ಹಕ್ಕು ನಿಮಗೂ ಇದೆ. ಆದರೆ ಎಷ್ಟು ಜನ ಅದನ್ನು ಬಳಸುತ್ತಾರೆ? ಆನ್‌ಲೈನ್‌ನಲ್ಲಿ ಗಾಡಿ ನಂಬರ್ ಹಾಕುತ್ತೀರಿ, ಏಳೆಂಟು ಕಂಪನಿಗಳ ಪ್ರೀಮಿಯಂ ಸಾಲಾಗಿ ಬರುತ್ತದೆ, ಕಡಿಮೆ ಇರುವುದನ್ನು ಒತ್ತಿಬಿಡುತ್ತೀರಿ. ಆ ಸಾಲಿನಲ್ಲಿ ಪ್ರತಿ ಕಂಪನಿಯ ಐಡಿವಿ ಬೇರೆ ಬೇರೆ ಇರುತ್ತದೆ ಅನ್ನುವುದು ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ. ಪ್ರೀಮಿಯಂ ಕಡಿಮೆ ಕಾಣಲಿ ಅಂತ ಐಡಿವಿಯನ್ನು ಸಾಧ್ಯವಾದಷ್ಟು ಕೆಳಗಿಟ್ಟು ತೋರಿಸುವುದು ಸಾಮಾನ್ಯ.

ಎಂಟು ವರ್ಷದ, 1,197 ಸಿಸಿಯ ಒಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್ ಅಂತ ಇಟ್ಟುಕೊಳ್ಳಿ. ಜಿಎಸ್‌ಟಿ ಮತ್ತು ಪಿಎ ಕವರ್ (ಮಾಲೀಕರ ಅಪಘಾತ ವಿಮೆ) ಬಿಟ್ಟು ಒಂದು ಕಂಪನಿ 5,216 ರೂಪಾಯಿ ಹೇಳುತ್ತದೆ, ಇನ್ನೊಂದು 5,816. ಮೊದಲನೆಯದು ಅಗ್ಗ ಅಲ್ವಾ? ಈಗ ಎರಡರಿಂದಲೂ ಥರ್ಡ್ ಪಾರ್ಟಿಯ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಯ ವಿಮೆಯ, 3,416 ರೂಪಾಯಿ ಕಳೆಯಿರಿ. 1,000ದಿಂದ 1,500 ಸಿಸಿಯ ಖಾಸಗಿ ಕಾರಿಗೆ 2022ರಲ್ಲಿ ಸರ್ಕಾರವೇ ನಿಗದಿ ಮಾಡಿದ ದರ ಅದು, ಯಾವ ಕಂಪನಿಗೆ ಹೋದರೂ ಒಂದೇ. ಉಳಿದದ್ದು ಓನ್ ಡ್ಯಾಮೇಜ್, ಅಂದರೆ ನಿಮ್ಮದೇ ಕಾರಿನ ಹಾನಿ, ಕಳುವಿಗೆ ಕಟ್ಟುವ ಪ್ರೀಮಿಯಂ: 1,800 ಮತ್ತು 2,400. ಮೊದಲ ಕಂಪನಿಯ ಐಡಿವಿ 1.80 ಲಕ್ಷ, ಎರಡನೆಯದರದ್ದು 2.60 ಲಕ್ಷ. ಅಂದರೆ ಮೊದಲನೆಯದು ಲಕ್ಷಕ್ಕೆ 1,000 ರೂಪಾಯಿ ತೆಗೆದುಕೊಂಡರೆ, ಎರಡನೆಯದು ಸುಮಾರು 923. ದುಬಾರಿ ಅಂತ ಕಂಡದ್ದೇ ಅಗ್ಗ. 600 ರೂಪಾಯಿ ಉಳಿಸಲು ಹೋಗಿ, ಕಾರು ಕಳುವಾದರೆ ಬರುವ ಮೊತ್ತದಲ್ಲಿ 80 ಸಾವಿರ ಬಿಟ್ಟಂತಾಯಿತು. ಹೋಲಿಸುವುದಿದ್ದರೆ ಎಲ್ಲ ಕಂಪನಿಗಳಲ್ಲೂ ಐಡಿವಿಯನ್ನು ಒಂದೇ ಮೊತ್ತಕ್ಕೆ ಹೊಂದಿಸಿ, ಆಮೇಲೆ ಪ್ರೀಮಿಯಂ ನೋಡಿ. ಹಾಗೆ ಮಾಡದೆ ‘ಆ ಕಂಪನಿ ಚೀಪು’ ಅನ್ನುವುದು ಸುಮ್ನೆ ಮಾತು.

ಐಡಿವಿ ಕಡಿಮೆ ಇದ್ದರೆ ಇನ್ನೊಂದು ತೊಂದರೆಯಿದೆ, ಅದನ್ನು ಏಜೆಂಟರು ಹೇಳುವುದೇ ಅಪರೂಪ. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಕಾರನ್ನು ಟೋಟಲ್ ಲಾಸ್ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. 1.80 ಲಕ್ಷದ 75% ಅಂದರೆ 1.35 ಲಕ್ಷ. ಹೆದ್ದಾರಿಯಲ್ಲಿ ಮುಂದಿನಿಂದ ಜೋರಾಗಿ ಗುದ್ದಿ, ರೇಡಿಯೇಟರ್, ಬಾನೆಟ್, ಎರಡು ಹೆಡ್‌ಲೈಟ್, ಸಸ್ಪೆನ್ಷನ್, ಏರ್‌ಬ್ಯಾಗ್ ಎಲ್ಲ ಹೋಗಿದ್ದರೆ ಶೋರೂಮಿನ ಸರ್ವಿಸ್ ಸೆಂಟರಿನ ಎಸ್ಟಿಮೇಟ್ 1.50 ಲಕ್ಷ ಮುಟ್ಟುವುದು ದೊಡ್ಡ ವಿಷಯವಲ್ಲ. ಇಂಜಿನ್ ಚೆನ್ನಾಗಿದ್ದರೂ, ನಿಮಗೆ ಆ ಕಾರು ಬೇಕಿದ್ದರೂ, ಅದು ಗುಜರಿಯ ದಾರಿ ಹಿಡಿಯಬಹುದು. ಅದೇ ಕಾರಿನ ಐಡಿವಿ 2.60 ಲಕ್ಷ ಇದ್ದಿದ್ದರೆ ಮಿತಿ 1.95 ಲಕ್ಷ ಆಗುತ್ತಿತ್ತು, ರಿಪೇರಿ ಆಗಿ ಮನೆಗೆ ಬರುತ್ತಿತ್ತು.

ಸಣ್ಣ ಪುಟ್ಟ ರಿಪೇರಿಗೆ ಮಾತ್ರ ಐಡಿವಿಗೂ ಕ್ಲೇಮಿಗೂ ಹೆಚ್ಚು ಸಂಬಂಧವಿಲ್ಲ. ‘ಐಡಿವಿ 2.60 ಇದೆ, ಆದ್ರೂ ಬಂಪರ್‌ಗೆ ಪೂರ್ತಿ ಕೊಡಲಿಲ್ಲ’ ಅನ್ನುವ ದೂರು ಈ ಎರಡನ್ನು ಕಲಸಿಕೊಂಡದ್ದರಿಂದ ಬರುತ್ತದೆ. ಬಿಡಿಭಾಗಗಳ ಸವಕಳಿಗೆ ಬೇರೆಯೇ ಪಟ್ಟಿಯಿದೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿ, ಏರ್‌ಬ್ಯಾಗ್‌ಗೆ ಕಾರಿನ ವಯಸ್ಸು ಎಷ್ಟೇ ಇರಲಿ 50% ಕಡಿತ. ಫೈಬರ್ ಭಾಗಕ್ಕೆ 30%. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಕ್ಕೆ ಐದರಿಂದ ಹತ್ತು ವರ್ಷದ ಕಾರಿನಲ್ಲಿ 40%, ಹತ್ತು ದಾಟಿದರೆ 50%. ಈ ಕಡಿತ ಬೇಡ ಅಂದರೆ ಜೀರೋ ಡೆಪ್ ಅನ್ನುವ ಹೆಚ್ಚುವರಿ ಕವರ್ ಬೇಕು. ಜನ ‘ಬಂಪರ್ ಟು ಬಂಪರ್’ ಅನ್ನುವುದು ಅದನ್ನೇ. ಆದರೆ ಸಾಮಾನ್ಯವಾಗಿ ಐದು ವರ್ಷದ ನಂತರ ಅದು ಸಿಗುವುದು ಕಷ್ಟ. ಕೆಲವು ಕಂಪನಿಗಳು ಏಳರವರೆಗೂ ಕೊಡುತ್ತವೆ.

ನಮ್ಮ ಎಂಟು ವರ್ಷದ ಕಾರಿಗೇ ಬನ್ನಿ. ಬಂಪರ್ 6,000 ರೂಪಾಯಿ, ಬಿಚ್ಚಿ ಕೂರಿಸುವ ಕೂಲಿ 1,000. ಪೇಂಟ್ ಲೆಕ್ಕ ಈಗ ಬೇಡ. ಬಂಪರಿಗೆ ಅರ್ಧ, ಅಂದರೆ 3,000. ಕೂಲಿ ಪೂರ್ತಿ ಬರುತ್ತದೆ. ಒಟ್ಟು 4,000ದಲ್ಲಿ ಕಡ್ಡಾಯವಾಗಿ ನೀವೇ ಭರಿಸಬೇಕಾದ 1,000 ಕಳೆದರೆ ಕಂಪನಿ ಕೊಡುವುದು 3,000. ಇದಕ್ಕೆ ಪ್ರತಿಯಾಗಿ ನಿಮ್ಮ 50% ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗಾಗಿ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುತ್ತಿದ್ದ ರಿಯಾಯಿತಿ, ಹೋಯಿತು. ಮುಂದಿನ ವರ್ಷ 2,400ರ ಓನ್ ಡ್ಯಾಮೇಜ್ ಪ್ರೀಮಿಯಂ ಹೆಚ್ಚುಕಡಿಮೆ 4,800 ಆಗುತ್ತದೆ. ಆಮೇಲೆ 20, 25, 35, 45 ಅಂತ ಮೆಟ್ಟಿಲು ಹತ್ತಿ ಮತ್ತೆ 50ಕ್ಕೆ ಬರಬೇಕು. ಎರಡು ವರ್ಷದೊಳಗೇ ಸಿಕ್ಕ ದುಡ್ಡಿಗಿಂತ ಕಟ್ಟಿದ್ದು ಜಾಸ್ತಿಯಾಗಿರುತ್ತದೆ. ಹಳೇ ಕಾರಿಗೆ ಓನ್ ಡ್ಯಾಮೇಜ್ ಕವರ್ ಇಟ್ಟುಕೊಳ್ಳುವುದು ಕಳುವಿಗೆ, ಪ್ರವಾಹಕ್ಕೆ, ಬೆಂಕಿಗೆ, ದೊಡ್ಡ ಆಕ್ಸಿಡೆಂಟಿಗೆ. ಬಂಪರಿನ ಗೀರಿಗಲ್ಲ.

ಹಾಗಾದರೆ ಬರೀ ಥರ್ಡ್ ಪಾರ್ಟಿ ಸಾಕಾ? ಇದಕ್ಕೂ ಐಡಿವಿಗೂ ನೇರ ಸಂಬಂಧವಿದೆ: ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಐಡಿವಿಗೆ ಕೆಲಸವೇ ಇಲ್ಲ, ಏಕೆಂದರೆ ನಿಮ್ಮ ಕಾರಿಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಅದು ಕಡ್ಡಾಯ, ಬಿಡುವ ಹಾಗಿಲ್ಲ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಮತ್ತೆ ಸಿಕ್ಕರೆ 4,000. ಜೈಲಿಗೂ ಅವಕಾಶವಿದೆ. ಓನ್ ಡ್ಯಾಮೇಜ್ ಬೇಕೋ ಬೇಡವೋ ಅನ್ನುವುದನ್ನು ಮಾತ್ರ ನೀವೇ ತೀರ್ಮಾನಿಸಬೇಕು. ನಾಳೆ ಬೆಳಿಗ್ಗೆ ಕಾರು ಇಲ್ಲವಾದರೆ ಕೈಯಿಂದಲೇ ಇನ್ನೊಂದು ಕೊಳ್ಳಬಲ್ಲಿರಾದರೆ ಬಿಡಿ. ಆಗದಿದ್ದರೆ ಇಟ್ಟುಕೊಳ್ಳಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ನೀರು ನುಗ್ಗಿದಾಗ ಬೇಸ್‌ಮೆಂಟಿನಲ್ಲಿ ಮುಳುಗಿದ ಕಾರುಗಳಿಗೆ ಥರ್ಡ್ ಪಾರ್ಟಿ ಪಾಲಿಸಿ ಯಾವ ಸಹಾಯವನ್ನೂ ಮಾಡುವಂತಿರಲಿಲ್ಲ. ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಲು ಹೋಗಿ ಇಂಜಿನ್ ಹಾಳಾದರೆ, ಇಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ ಇಲ್ಲದ ಪಾಲಿಸಿಯಲ್ಲಿ ಆ ಖರ್ಚು ನಿಮ್ಮದೇ ಆಗುವ ಸಾಧ್ಯತೆ ಜಾಸ್ತಿ. ನೀರಲ್ಲಿ ನಿಂತ ಕಾರಿನ ಕೀ ಮುಟ್ಟಬೇಡಿ, ಟೋ ಮಾಡಿಸಿ.

ಓನ್ ಡ್ಯಾಮೇಜ್ ಇಟ್ಟುಕೊಳ್ಳುವುದಾದರೆ ತಾರೀಖು ದಾಟಿಸಬೇಡಿ. ಪಾಲಿಸಿ ಮುಗಿದು 90 ದಿನ ಆಯಿತೆಂದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದಕ್ಕೂ ಮೊದಲೇ, ಒಂದು ದಿನ ತಡವಾದರೂ ಕಾರಿನ ಇನ್‌ಸ್ಪೆಕ್ಷನ್ ಕೇಳಬಹುದು. ಆ ಇನ್‌ಸ್ಪೆಕ್ಷನ್‌ನಲ್ಲಿ ಕಂಡ ಹಳೇ ಡೆಂಟುಗಳನ್ನೆಲ್ಲ ಬರೆದುಕೊಂಡು, ಅವಕ್ಕೆ ಮುಂದೆ ಕ್ಲೇಮ್ ಇಲ್ಲ ಅನ್ನುತ್ತಾರೆ. ಹೊರಗಿನಿಂದ ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಅದರ ಬೆಲೆ ಮಾಮೂಲಿ ಐಡಿವಿಯಲ್ಲಿ ಸೇರಿರುವುದಿಲ್ಲ. ರಿನ್ಯೂ ಮಾಡುವಾಗ ಬೇರೆಯಾಗಿ ಹೇಳಿ ಬರೆಸಿ, ಆರ್‌ಸಿಯಲ್ಲೂ ನಮೂದಾಗಿದೆಯೇ ನೋಡಿಕೊಳ್ಳಿ.